ವಿದ್ಯುತ್ ಕಾರು ತೋರಿಸುವ ಕಿಲೋಮೀಟರು

ಪೆಟ್ರೋಲಿನ ಬೆಲೆಗೆ ಬೇಸತ್ತ ನಮ್ಮವರು ಈಗ ವಿದ್ಯುತ್ ಕಾರಿನ ಕಡೆಗೆ ನೋಡತೊಡಗಿದ್ದಾರೆ. ಠಾಣೆಯ ಗುಮಾಸ್ತರು ಕುಟುಂಬ ಸಮೇತ ಊರಿಗೆ ಹೋಗಿಬರಲೆಂದೂ, ಡೊಂಬಿವಲಿಯ ಹೋಟೆಲ್ ಕೆಲಸಗಾರರು ಮಗನಿಗೊಂದು ಟ್ಯಾಕ್ಸಿಯಾಗಲೆಂದೂ ಬ್ಯಾಂಕಿಗೆ ಸಾಲದ ಅರ್ಜಿ ಬರೆಯುತ್ತಾರೆ. ಆಗ ಅವರು ನೆಚ್ಚುವುದು ಒಂದೇ ಅಂಕಿಯನ್ನು: ಒಮ್ಮೆ ಚಾರ್ಜು ಮಾಡಿದರೆ ಇಷ್ಟು ದೂರ. ತಿಂಗಳ ಕಂತು ಈ ಅಂಕಿಯನ್ನು ನಂಬಿ ನಿಂತಿರುವಾಗ ಅದು ಎಲ್ಲಿಂದ ಬಂತೆಂಬುದನ್ನು ವಿಚಾರಿಸುವುದು ಅವಶ್ಯ.

ವಾಸ್ತವದಲ್ಲಿ ಅಂಕಿಗಳು ಎರಡು. ಮೊದಲನೆಯದು ಮಾರಾಟಗಾರನ ಕಾಗದದಲ್ಲಿರುವುದು, ಪರೀಕ್ಷಾಲಯದಲ್ಲಿ ಹುಟ್ಟಿದ್ದು. ಅಲ್ಲಿ ಕಾರು ರಸ್ತೆಗಿಳಿಯುವುದಿಲ್ಲ, ಉರುಳೆಗಳ ಮೇಲೆ ನಿಗದಿಯಾದ ವೇಗದಲ್ಲಿ ಓಡುತ್ತದೆ. ಎ.ಸಿ. ಹಾಕುವುದಿಲ್ಲ. 2024ರ ಅಕ್ಟೋಬರಿಗೆ ಮುನ್ನ ನಗರಸಂಚಾರದ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಅದರ ಗರಿಷ್ಠ ವೇಗ ಗಂಟೆಗೆ 50 ಕಿ.ಮೀ. ಈಗ 90 ಕಿ.ಮೀ.ವರೆಗಿನ ಭಾಗವೂ ಸೇರಿದೆ. 2020ರಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಬ್ಯಾಟರಿಯಲ್ಲಿ ಹಿಡಿಯುತ್ತಿದ್ದುದು 30.2 ಯೂನಿಟ್, ಮನೆಯ ಬಿಲ್ಲಿನಲ್ಲಿ ಬರುವ ಅದೇ ಯೂನಿಟ್. ಪ್ರಮಾಣಪತ್ರದ ದೂರ 312 ಕಿ.ಮೀ. ತನ್ನ ಕಾರು 200 ಕಿ.ಮೀ. ಮೀರಿ ಓಡುತ್ತಿಲ್ಲವೆಂದು ಗ್ರಾಹಕರೊಬ್ಬರು ದೂರಿತ್ತ ಮೇಲೆ, 2021ರ ಮಾರ್ಚಿನಲ್ಲಿ ದೆಹಲಿ ಸರಕಾರವು ಅದರ ಸಹಾಯಧನವನ್ನು ತಡೆಹಿಡಿಯಿತು. ಆ ಆದೇಶಕ್ಕೆ ದೆಹಲಿ ಉಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿತು. ನಮ್ಮ ಅಭಿಪ್ರಾಯದಲ್ಲಿ ಪ್ರಮಾಣಪತ್ರವು ಸುಳ್ಳಲ್ಲ. ಒಂದು ಕಾರನ್ನು ಇನ್ನೊಂದರೊಡನೆ ತೂಗಿ ನೋಡುವ ತಕ್ಕಡಿ ಅದು. ಅದನ್ನೇ ದಾರಿಯ ಅಳತೆಯೆಂದು ಹೇಳಿ ಮಾರುವುದು ತಪ್ಪು.

ಎರಡನೆಯ ಅಂಕಿ ಚಾಲಕನ ಕಣ್ಣೆದುರಿಗೆ ಬೆಳಗುವುದು. ಹೆಚ್ಚು ಮೋಸಹೋಗುವುದು ಇಲ್ಲಿಯೇ. ನಾವು ಹಲವು ವರ್ಷ ಗಲ್ಲಾದ ಮೇಲೆ ಕುಳಿತವರು. ಅಡುಗೆ ಭಟ್ಟರು ಸಿಲಿಂಡರನ್ನು ಅಲುಗಿಸಿ ನೋಡಿ “ನಾಳೆ ರಾತ್ರಿಯವರೆಗೆ ಬಂದೀತು” ಎನ್ನುತ್ತಿದ್ದುದು ನೆನಪಿದೆ. ಅದು ಕಳೆದ ವಾರದ ಇಡ್ಲಿ-ಕಾಫಿಯ ವ್ಯಾಪಾರವನ್ನು ಕಂಡ ಅಂದಾಜು. ಮದುವೆಯ ಆರ್ಡರು ಬಂದ ದಿನ ಗ್ಯಾಸು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು. ಕಾರಿನ ಯಂತ್ರವೂ ಹಾಗೆಯೇ: ಉಳಿದ ಯೂನಿಟ್ಟುಗಳನ್ನು ಇತ್ತೀಚೆಗೆ ಓಡಿದ ರೀತಿಯೊಡನೆ ಗುಣಿಸಿ ಉತ್ತರ ಹೇಳುತ್ತದೆ.

ಕಲ್ಯಾಣ-ಶೀಳ್ ರಸ್ತೆಯಲ್ಲಾಗಲಿ ಘೋಡ್‌ಬಂದರಿನಲ್ಲಾಗಲಿ ತೆವಳುವಾಗ ಪೆಟ್ರೋಲು ಕಾರು ಹೆಚ್ಚು ಕುಡಿಯುತ್ತದೆ. ವಿದ್ಯುತ್ ಕಾರಿಗೆ ಮಾತ್ರ ಅಂಥ ದಾರಿ ಹಿತವಾದುದು. ವೇಗ ತಗ್ಗಿಸಿದಾಗಲೆಲ್ಲ ಮೋಟಾರೇ ಜನರೇಟರಾಗಿ ಸ್ವಲ್ಪ ವಿದ್ಯುತ್ತನ್ನು ಹಿಂದಿರುಗಿಸುತ್ತದೆ. (ಮೇ ತಿಂಗಳ ಬಿಸಿಲಿನಲ್ಲಿ ಎ.ಸಿ. ಹಾಕಿ ಗಂಟೆಗಟ್ಟಲೆ ನಿಂತರೆ ಬೇರೆ ಮಾತು.) ಹೀಗೆ ವಾರವಿಡೀ ಡೊಂಬಿವಲಿಯಲ್ಲಿ ಪಾಠ ಕಲಿತ ಯಂತ್ರವು ಭಾನುವಾರ ಕಳಂಬೊಲಿ ದಾಟಿ ಪುಣೆಯ ಎಕ್ಸ್‌ಪ್ರೆಸ್ ಹೆದ್ದಾರಿಗೆ ಬರುತ್ತದೆ. ಅಲ್ಲಿ ಗಾಳಿಯೇ ಶತ್ರು: ವೇಗವು 50ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಮುಂದೆ ಘಾಟಿ. ಖೋಪೋಲಿಯಿಂದ ಖಂಡಾಲಕ್ಕೆ ಸುಮಾರು 500 ಮೀಟರು ಏರು. ಜನ, ಸಾಮಾನು ಸೇರಿ 1,700 ಕಿಲೋ ತೂಗುವ ಕಾರನ್ನು ಎತ್ತಲಿಕ್ಕೇ ಸುಮಾರು ಎರಡೂವರೆ ಯೂನಿಟ್ ಬೇಕು. ಹೊರಡುವಾಗ 200 ಎಂದಿದ್ದ ಕಾರು 80 ಕಿ.ಮೀ. ಓಡಿ ಲೋಣಾವಳ ಸೇರುವಷ್ಟರಲ್ಲಿ 120ರ ಬದಲು 70 ತೋರಿಸಿದರೆ ಬ್ಯಾಟರಿ ಕೆಟ್ಟಿತೆಂದು ಗಾಬರಿಯಾಗಬೇಕಾಗಿಲ್ಲ. ಯಂತ್ರವು ತನ್ನ ಲೆಕ್ಕವನ್ನು ತಿದ್ದಿಕೊಂಡಿತು, ಅಷ್ಟೆ.

ಟ್ಯಾಕ್ಸಿಗೆ ಸಾಲ ಮಾಡುವವರು ಮಾತ್ರ ಹೆಚ್ಚು ಎಚ್ಚರ ವಹಿಸಬೇಕು. ದಿನಕ್ಕೆ ಎರಡು ಬಾರಿ ಚಾರ್ಜಿಗೆ ನಿಂತರೆ ಎರಡು ಬಾಡಿಗೆ ತಪ್ಪೀತು. ಕಂತಿನ ತಾರೀಖು ತಪ್ಪದು. ಪ್ರಮಾಣಪತ್ರದ ದೂರಕ್ಕಿಂತ ನಿತ್ಯಬಳಕೆಯ ದೂರ ಎಷ್ಟೆಂದು ಕೇಳಿ ಬರೆಸಿಕೊಳ್ಳಬೇಕು. ಕೇಳಬಾರದ ಪ್ರಶ್ನೆಯೇನಲ್ಲ: 2024ರ ಆಗಸ್ಟಿನಲ್ಲಿ ಟಾಟಾದವರೇ ತಮ್ಮ ಕರ್ವ್ ಕಾರಿನ ದೊಡ್ಡ ಬ್ಯಾಟರಿಗೆ ಪರೀಕ್ಷೆಯ ದೂರ 585 ಕಿ.ಮೀ. ಎಂದೂ, ನಿತ್ಯಬಳಕೆಯಲ್ಲಿ 400ರಿಂದ 425 ಎಂದೂ ತಿಳಿಸಿದರು. ಹಳೆಯ ಕಾರು ಕೊಳ್ಳುವವರಿಗೆ ಇನ್ನೊಂದು ಮಾತು: ಬ್ಯಾಟರಿಗೆ ವಯಸ್ಸಾಗುತ್ತದೆ, ಪ್ರಮಾಣಪತ್ರಕ್ಕೆ ಆಗುವುದಿಲ್ಲ.

ಪುಣೆ, ಕೊಲ್ಲಾಪುರ, ಬೆಳಗಾವಿಗಳ ಮಾರ್ಗವಾಗಿ ಊರಿಗೆ ಹೋಗುವವರು ಕಿಲೋಮೀಟರನ್ನು ಬಿಟ್ಟು ಬ್ಯಾಟರಿಯ ಶೇಕಡಾವಾರನ್ನು ನೋಡುವುದು ಕ್ಷೇಮ, ಶೇ. 25ಕ್ಕೆ ಇಳಿಯುವ ಮೊದಲೇ ಚಾರ್ಜಿನ ಸ್ಥಳ ಗೊತ್ತಿರಬೇಕು. ಮರಳಿ ಬರುವಾಗ ಖಂಡಾಲದ ಇಳಿಜಾರಿನಲ್ಲಿ ಅದೇ ಅಂಕಿ ಕಡಿಮೆಯಾಗುವ ಬದಲು ಏರತೊಡಗುವುದುಂಟು. ಆ ಏರಿಕೆಯನ್ನು ನಂಬಿ ಖೋಪೋಲಿಯಲ್ಲಿ ಚಾರ್ಜು ಮಾಡದೆ ಮುಂದುವರಿಯಬಾರದು. ಕೆಳಗೆ ಸಮತಟ್ಟು ರಸ್ತೆ ಸಿಕ್ಕೊಡನೆ ಯಂತ್ರವು ಮತ್ತೊಮ್ಮೆ ತನ್ನ ಲೆಕ್ಕವನ್ನು ತಿದ್ದಿಕೊಳ್ಳುತ್ತದೆ.