ಪತಂಗದ ಕಿವಿ: ಆಕ್ಷೇಪಗಳಿಗೆ ಉತ್ತರ

ಪತಂಗಗಳ ವರ್ಗೀಕರಣದಲ್ಲಿ ಕಿವಿಯನ್ನು ನಂಬಬಾರದು ಎನ್ನುವವರ ಮೊದಲ ವಾದ ಹೀಗಿದೆ: ಶ್ರವಣಾಂಗ ಈ ಕೀಟಗಳಲ್ಲಿ ಹಲವು ಬಾರಿ ಪ್ರತ್ಯೇಕವಾಗಿ ಹುಟ್ಟಿದೆ, ಆದ್ದರಿಂದ ಅದು ನೆಂಟಸ್ತಿಕೆಗೆ ಸಾಕ್ಷಿಯಾಗದು. ಹಲವು ಬಾರಿ ಹುಟ್ಟಿದ್ದು ನಿಜ. ಕವಹಾರ ಮತ್ತು ಸಂಗಡಿಗರ 2019ರ ಅಧ್ಯಯನವೂ ಅದನ್ನೇ ಹೇಳುತ್ತದೆ. ಆದರೆ ಅದರಿಂದ ಈ ತೀರ್ಮಾನ ಹೊರಡುವುದಿಲ್ಲ. ಕಿವಿ ಇದೆಯೋ ಇಲ್ಲವೋ ಎಂದಷ್ಟೇ ನೋಡಿ ಯಾರೂ ಗುಂಪು ಕಟ್ಟುತ್ತಿಲ್ಲ. ಅದು ಎಲ್ಲಿದೆ, ಹೇಗೆ ರಚನೆಯಾಗಿದೆ ಎಂಬುದು ಪ್ರಶ್ನೆ. ನಾಕ್ಟುಯಿಡ್ ಬಳಗದಲ್ಲಿ ಅದು ಎದೆಯ ಹಿಂಭಾಗದಲ್ಲಿದೆ. ಜಿಯೊಮೆಟ್ರಿಡ್, ಪೈರಾಲಿಡ್‌ಗಳಲ್ಲಿ ಹೊಟ್ಟೆಯ ಬುಡದಲ್ಲಿ. ಕೆಲವು ಸ್ಫಿಂಜಿಡ್ ಪತಂಗಗಳಂತೂ ಬಾಯಿಯ ಉಪಾಂಗಗಳಿಂದ ಕೇಳುತ್ತವೆ. ಹೊಟ್ಟೆಯ ಕಿವಿಗಳಲ್ಲೂ ಡ್ರೆಪನಿಡ್‌ಗಳದ್ದು ಬೇರೆಯೇ ರಚನೆ. ಹಲವು ಬಾರಿ ಹುಟ್ಟಿದ್ದರಿಂದಲೇ ಪ್ರತಿ ಹುಟ್ಟಿಗೂ ಅದರದೇ ಗುರುತು ಉಳಿದಿದೆ.

ಎರಡನೆಯದು, ಕಿವಿಯನ್ನು ರೂಪಿಸಿದ್ದು ಬಾವಲಿಗಳ ಕಾಟ, ವಂಶವಲ್ಲ ಎಂಬ ವಾದ. ನೋಟೊಡಾಂಟಿಡ್ ಪತಂಗದ ಒಂದೊಂದು ಕಿವಿಯಲ್ಲಿ ಒಂದೇ ಶ್ರವಣಕೋಶ. ಅದರ ಹತ್ತಿರದ ಬಂಧುಗಳಾದ ನಾಕ್ಟುಯಿಡ್‌ಗಳಲ್ಲಿ ಎರಡು. ಒಂದೇ ಕಾಡಿನಲ್ಲಿ, ಒಂದೇ ಬಾವಲಿಗೆ ಹೆದರಿ ಹಾರುವ ಇವುಗಳಲ್ಲಿ ಈ ವ್ಯತ್ಯಾಸವನ್ನು ಬಾವಲಿ ಹೇಗೆ ತಂದಿತು? ಇದಕ್ಕೆ ಉತ್ತರ ಬಂದಿಲ್ಲ. ಇನ್ನೂ ಗಂಭೀರವಾದುದೊಂದಿದೆ. ಮೊದಲ ವಾದಕ್ಕೆ ಇವರು ಆಧಾರ ಮಾಡಿಕೊಳ್ಳುವ ಅದೇ 2019ರ ಅಧ್ಯಯನದ ಪ್ರಕಾರ, ಹಲವು ಪತಂಗ ವಂಶಗಳ ಕಿವಿ ಬಾವಲಿಗಳಿಗಿಂತ ಬಹಳ ಹಳೆಯದು. ಬೇಕಾದ ಪುಟ ಓದಿ, ಬೇಡದ್ದನ್ನು ಮಡಚಿಡುವುದು ವಾದವಲ್ಲ.

ಮೂರನೆಯದಕ್ಕೆ ಹೆಚ್ಚು ಮಾತು ಬೇಡ. ಹಗಲಲ್ಲಿ ಹಾರುವ ಕೆಲವು ಪತಂಗಗಳಲ್ಲಿ ಕಿವಿ ಕುಗ್ಗಿದೆ ಎನ್ನುತ್ತಾರೆ. ಹೌದು. ಹಾವಿಗೆ ಕಾಲಿಲ್ಲವೆಂದು ಅದನ್ನು ಸರೀಸೃಪಗಳ ಸಾಲಿನಿಂದ ಯಾರು ಹೊರಹಾಕಿದ್ದಾರೆ?

ಕೊನೆಯದು, ಡಿಎನ್‌ಎ ಬಂದ ಮೇಲೆ ಕಿವಿ ಯಾಕೆ ಎಂಬುದು. ಪೈರಾಲಿಡ್ ಬಳಗವನ್ನೇ ನೋಡಿ. ಕಿವಿಯ ಗೂಡು ಮುಚ್ಚಿದ್ದರೆ ಪೈರಾಲಿಡೆ, ತೆರೆದಿದ್ದರೆ ಕ್ರಾಂಬಿಡೆ ಎಂದು ಫ್ರಾನ್ಸಿನ ಜೋಯೆಲ್ ಮಿನೆ 1980ರ ದಶಕದಲ್ಲೇ ಬೇರ್ಪಡಿಸಿದರು. ಮುಂದೆ ಡಿಎನ್‌ಎ ಅಧ್ಯಯನಗಳಲ್ಲೂ ಇವೇ ಎರಡು ಕವಲುಗಳು ಕಂಡವು. ಕಿವಿಯ ತೀರ್ಪನ್ನು ಎತ್ತಿಹಿಡಿದ ಡಿಎನ್‌ಎಯನ್ನೇ ಕಿವಿಯ ವಿರುದ್ಧ ಸಾಕ್ಷಿಗೆ ಕರೆಯುವುದು ಯಾವ ತರ್ಕ? ಭತ್ತದ ಹಳದಿ ಕಾಂಡಕೊರಕ ಕ್ರಾಂಬಿಡೆಗೆ ಸೇರಿದ್ದು, ಉಗ್ರಾಣದ ಅಕ್ಕಿ ಪತಂಗ ಪೈರಾಲಿಡೆಗೆ. ಸೂಜಿಗೆ ಚುಚ್ಚಿಟ್ಟ ಹಳೆಯ ಮಾದರಿಯಲ್ಲೂ ಹೊಟ್ಟೆಯ ಬುಡವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಈ ಭೇದ ಕಾಣುತ್ತದೆ.