ಅಲ್ಪವಿರಾಮವೇನು ಅಲ್ಪವೇ?

ಇಂಗ್ಲಿಷ್ ಪಾಠ ಹೇಳುವ ನಮ್ಮ ಉಪಾಧ್ಯಾಯರು ತಲೆಮಾರುಗಳಿಂದ ಒಂದು ಸೂತ್ರವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತ ಬಂದಿದ್ದಾರೆ: ಅಲ್ಪವಿರಾಮ ಬಂದಲ್ಲಿ ಒಂದು ಎಣಿಸಿ ನಿಲ್ಲು, ಅರ್ಧವಿರಾಮಕ್ಕೆ ಎರಡು, ಪೂರ್ಣವಿರಾಮಕ್ಕೆ ನಾಲ್ಕು. ನಾನೂ ಹೀಗೆ ಎಣಿಸುತ್ತಲೇ ಓದಿದವನು. ಈ ಸೂತ್ರ ಗಟ್ಟಿಯಾಗಿ ಓದುವ ಬಾಯಿಗೆ ಉಪಕಾರಿಯಾದೀತು; ಅರ್ಥ ಹುಡುಕುವ ತಲೆಗೆ ಮಾತ್ರ ಅದು ದ್ರೋಹವೆಂದೇ ನನ್ನ ವಾದ. ಇಂಗ್ಲಿಷಿನ ವಿರಾಮಚಿಹ್ನೆ ಉಸಿರಿನ ಲೆಕ್ಕವಲ್ಲ, ವ್ಯಾಕರಣದ ಅಂಗ.

'ವೈಲ್ ರಾಮರಾವ್ ವಾಸ್ ಈಟಿಂಗ್ ದಿ ಕ್ಯಾಟ್ ಸ್ಲೆಪ್ಟ್' ಎಂದು ಬರೆದುನೋಡಿ. ಪರಮ ಸಾತ್ವಿಕರಾದ ರಾಯರು ಬೆಕ್ಕನ್ನು ತಿನ್ನುತ್ತಿದ್ದಾರೆಂದು ಗಾಬರಿಗೊಂಡು, ಕೊನೆಯ ಪದದಲ್ಲಿ ಎಡವಿ, ಓದುಗ ಮತ್ತೆ ಹಿಂದಕ್ಕೆ ಓಡಬೇಕು. 'ಈಟಿಂಗ್' ಆದಮೇಲೆ ಒಂದು ಅಲ್ಪವಿರಾಮವಿಡಿ. ರಾಯರು ತಮ್ಮ ಪಾಡಿಗೆ ಅನ್ನ ಉಣ್ಣುತ್ತಾರೆ, ಬೆಕ್ಕು ಒಲೆಯ ಪಕ್ಕ ನಿದ್ದೆಹೋಗುತ್ತದೆ. ಕನ್ನಡದಲ್ಲಿ ಬೆಕ್ಕಿಗೆ ಈ ಅಪಾಯವಿಲ್ಲ. 'ಬೆಕ್ಕು' ಬೇರೆ, 'ಬೆಕ್ಕನ್ನು' ಬೇರೆ. ತಿಂದವರಾರು, ತಿಂದದ್ದೇನು ಎಂಬುದನ್ನು ವಿಭಕ್ತಿ ಪ್ರತ್ಯಯವೇ ಹೇಳಿಬಿಡುತ್ತದೆ. ನಮ್ಮ ಹಿರಿಯರು ತಾಳೆಗರಿಯ ಮೇಲೆ ಅಲ್ಪವಿರಾಮದ ಹಂಗಿಲ್ಲದೆ ಕಾವ್ಯಗಳನ್ನೇ ಬರೆದಿಟ್ಟರಲ್ಲ! ಇಂಗ್ಲಿಷಿನ ನಾಮಪದವಾದರೋ ತನ್ನ ಹಳೆಯ ಪ್ರತ್ಯಯಗಳನ್ನು ಬಹುಮಟ್ಟಿಗೆ ಕಳೆದುಕೊಂಡು, ನಿಂತ ಜಾಗದಿಂದಲೇ ಅರ್ಥ ಕೊಡಬೇಕಾಗಿದೆ. ಜಾಗ ಸಾಲದೆ ಹೋದಲ್ಲಿ ಚಿಹ್ನೆಯೇ ಗತಿ.

ಇನ್ನೊಂದು ಹೆಸರುವಾಸಿ ಒಗಟಿದೆ. 'ಜೇಮ್ಸ್ ವೈಲ್ ಜಾನ್' ಎಂದು ಹೊರಟು, ಹನ್ನೊಂದು 'ಹ್ಯಾಡ್'ಗಳು ಸಾಲುಗಟ್ಟಿ ಬಂದು, 'ಎ ಬೆಟರ್ ಎಫೆಕ್ಟ್ ಆನ್ ದಿ ಟೀಚರ್' ಎಂದು ಮುಗಿಯುತ್ತದೆ. ಹುಚ್ಚನ ಪ್ರಲಾಪವೆನ್ನಿಸುವುದಿಲ್ಲವೇ? ಈಗ ನೋಡಿ: 'ಜೇಮ್ಸ್, ವೈಲ್ ಜಾನ್ ಹ್ಯಾಡ್ ಹ್ಯಾಡ್ "ಹ್ಯಾಡ್", ಹ್ಯಾಡ್ ಹ್ಯಾಡ್ "ಹ್ಯಾಡ್ ಹ್ಯಾಡ್"; "ಹ್ಯಾಡ್ ಹ್ಯಾಡ್" ಹ್ಯಾಡ್ ಹ್ಯಾಡ್ ಎ ಬೆಟರ್ ಎಫೆಕ್ಟ್ ಆನ್ ದಿ ಟೀಚರ್.' ಜಾನ್ ತನ್ನ ಉತ್ತರದಲ್ಲಿ ಒಂದು 'ಹ್ಯಾಡ್' ಬರೆದಿದ್ದ, ಜೇಮ್ಸ್ ಎರಡು ಬರೆದಿದ್ದ. ಗುರುಗಳಿಗೆ ಎರಡು ಬರೆದದ್ದೇ ಮೆಚ್ಚಿಕೆಯಾಗಿತ್ತು. ಇಷ್ಟೇ ಸಂಗತಿ. ಒಂದು ಪದವನ್ನೂ ಕದಲಿಸಲಿಲ್ಲ. ಎಣಿಸಿ ನಿಲ್ಲುವ ಮಹನೀಯರನ್ನು ಕೇಳುತ್ತೇನೆ: ಉದ್ಧರಣ ಚಿಹ್ನೆಗೆ ಎಷ್ಟು ಎಣಿಸುತ್ತೀರಿ? ಚಿಹ್ನೆಯಿಲ್ಲದ ವಾಕ್ಯವೊಂದನ್ನು ಹಲಗೆಯ ಮೇಲೆ ಬರೆದು, ಯಾರು ಏನು ಮಾಡಿದರೆಂದು ಮಕ್ಕಳಿಂದಲೇ ಬಿಡಿಸಬಾರದೇ?

'ಇದೆಲ್ಲ ಪಂಡಿತರ ಚೇಷ್ಟೆ; ವ್ಯವಹಾರದಲ್ಲಿ ಸಂದರ್ಭವೇ ಅರ್ಥ ಹೇಳುತ್ತದೆ' ಎನ್ನುವವರೂ ಉಂಟು. ಅವರು ಅಮೆರಿಕದ ಮೇನ್ ರಾಜ್ಯದ ಓಕ್‌ಹರ್ಸ್ಟ್ ಡೈರಿಯ ಲಾರಿ ಚಾಲಕರ ಕಥೆ ಕೇಳಬೇಕು. ವಾರಕ್ಕೆ 40 ಗಂಟೆ ಮೀರಿ ದುಡಿದವರಿಗೆ ಹೆಚ್ಚಿನ ಕೂಲಿ ಕೊಡಬೇಕೆಂದು ಅಲ್ಲಿಯ ಕಾನೂನು. ಅದರಿಂದ ಕೆಲವು ಕೆಲಸಗಳಿಗೆ ವಿನಾಯಿತಿ. ಆ ಪಟ್ಟಿಯ ಕೊನೆಯಲ್ಲಿ 'ಪ್ಯಾಕಿಂಗ್ ಫಾರ್ ಷಿಪ್‌ಮೆಂಟ್ ಆರ್ ಡಿಸ್ಟ್ರಿಬ್ಯೂಷನ್' ಎಂದಿತ್ತು. 'ಆರ್' ಎಂಬುದರ ಹಿಂದೆ ಅಲ್ಪವಿರಾಮವಿರಲಿಲ್ಲ. ಹಂಚುವುದೂ ಪಟ್ಟಿಯ ಬೇರೊಂದು ಕೆಲಸವೆಂದು ಡೈರಿಯ ವಾದ. ಅಲ್ಲ, ಕಳುಹಿಸಲು ಅಥವಾ ಹಂಚಲು ಕಟ್ಟುವುದೆಂಬ ಒಂದೇ ಕೆಲಸವದು. ನಾವು ಹಂಚುವವರು, ಕಟ್ಟುವವರಲ್ಲ ಎಂದು ಚಾಲಕರ ವಾದ. ಸಂದರ್ಭವನ್ನು ಎರಡು ಪಕ್ಷದವರೂ ತಮ್ಮ ಕಡೆಗೇ ಎಳೆದರು. ಆ ರಾಜ್ಯದ ಕಾನೂನು ಬರೆಯುವವರ ಕೈಪಿಡಿ ಅಂಥ ಕಡೆಯಲ್ಲಿ ಅಲ್ಪವಿರಾಮ ಬೇಡವೆಂದೇ ಹೇಳಿತ್ತು ಎಂಬುದು ಇನ್ನೊಂದು ಸೊಗಸು. 2017ರಲ್ಲಿ ಮೇಲ್ಮನವಿ ನ್ಯಾಯಾಲಯ ವಾಕ್ಯ ಸಂದಿಗ್ಧವೆಂದು ಹೇಳಿ ಚಾಲಕರ ಪರ ನಿಂತಿತು. 2018ರಲ್ಲಿ ಡೈರಿ 50 ಲಕ್ಷ ಡಾಲರಿಗೆ ರಾಜಿಯಾಯಿತು. ಶಾಸನಸಭೆ ಆ ಪಟ್ಟಿಯನ್ನು ತಿದ್ದಿ, ಒಂದೊಂದು ಕೆಲಸದ ಮುಂದೆಯೂ ಅರ್ಧವಿರಾಮ ಇಟ್ಟಿದೆ.