ಜೀವ ಉಳೀತಲ್ಲ, ಬಿಡಿ

ಕಳೆದ ಏಪ್ರಿಲ್‌ನಲ್ಲಿ ಅರಸೀಕೆರೆಯಲ್ಲಿರೋ ನಮ್ಮ ಸೋದರಮಾವನ ಮನೆಗೆ ಬೆಂಕಿ ಬಿತ್ತು. ಮಧ್ಯಾಹ್ನ ಮೂರು ಗಂಟೆ. ಮನೆಯಲ್ಲಿ ಯಾರೂ ಇರಲಿಲ್ಲ, ಅಜ್ಜಿ ಪಕ್ಕದ ಮನೆ ಜಗಲಿ ಮೇಲೆ ಹುಣಸೆಹಣ್ಣು ಬಿಡಿಸ್ತಾ ಕೂತಿದ್ದರು. ಹಾಲ್ ಮೂಲೆಯ ಇನ್ವರ್ಟರ್ ಹತ್ತಿರ ಶುರುವಾಯ್ತು. ಫೈರ್ ಇಂಜಿನ್‌ನವರು ಬಂದು ಮುಕ್ಕಾಲು ಗಂಟೆಯಲ್ಲಿ ಆರಿಸಿದರು. ಉರಿದಿದ್ದು ಹಾಲ್ ಒಂದೇ. ಯಾರಿಗೂ ಏನೂ ಆಗಲಿಲ್ಲ.

ಆಮೇಲೆ ನೋಡೋಕೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: "ಜೀವ ಉಳೀತಲ್ಲ, ಬಿಡಿ." ನಾನೂ ಹಾಸ್ಟೆಲ್‌ನಿಂದ ಫೋನ್ ಮಾಡಿ ಅದನ್ನೇ ಹೇಳಿದೆ. ಮಾತು ಸುಳ್ಳಲ್ಲ. ಆದ್ರೆ ಈಗ ಅನ್ಸೋದು ಏನಂದ್ರೆ, ಆ ಒಂದು ಮಾತು ಹೇಳಿದ ಮೇಲೆ ದುಡ್ಡಿನ ವಿಷಯ ಎತ್ತೋದೇ ತಪ್ಪು ಅನ್ನೋ ಹಾಗಾಗುತ್ತೆ. ಮಾವ ಸುಮಾರು ದಿನ ಯಾರ ಹತ್ರಾನೂ ಖರ್ಚಿನ ಬಗ್ಗೆ ಬಾಯಿಬಿಡಲಿಲ್ಲ. ಒಂದು ಉದ್ದದ ನೋಟ್‌ಬುಕ್‌ನಲ್ಲಿ ಬರೆದಿಡ್ತಾ ಇದ್ದರು, ಅಷ್ಟೇ. ದಸರಾ ರಜೆಯಲ್ಲಿ ಅದನ್ನ ನನಗೆ ತೋರಿಸಿದರು. ಮೊತ್ತ 3,96,500 ರೂಪಾಯಿ. ಅದರಲ್ಲಿ ಬೆಂಕಿ ನೇರವಾಗಿ ತಿಂದಿದ್ದು, ಅಂದ್ರೆ ಟಿವಿ, ಸೋಫಾ, ಇನ್ವರ್ಟರ್, ಬಾಗಿಲು ಕಿಟಕಿ, ಹಾಲ್‌ನ ಪ್ಲಾಸ್ಟರ್, ಎಲ್ಲ ಸೇರಿ 1,65,000. ಉಳಿದ ಎರಡೂಕಾಲು ಲಕ್ಷಕ್ಕೂ ಹೆಚ್ಚು ಹೋಗಿದ್ದು ಹೊಗೆಗೆ, ನೀರಿಗೆ, ಬಾಡಿಗೆಗೆ, ಆಮೇಲೆ ನಾವು ಮಾಡಿದ ತಪ್ಪುಗಳಿಗೆ.

ಈ ಲೇಖನ ಮುಖ್ಯವಾಗಿ ಆ ತಪ್ಪುಗಳ ಬಗ್ಗೆ.

ಮೂರನೇ ದಿನ ಅಮ್ಮನ ಜೊತೆ ನಾನು ಹೋದೆ. ಸಿನಿಮಾದಲ್ಲಿ ತೋರಿಸೋ ಹಾಗೆ ಬೂದಿ ಗುಡ್ಡೆ ಏನೂ ಇರಲಿಲ್ಲ. ಹಾಲ್‌ನಲ್ಲಿ ಫ್ಯಾನ್ ರೆಕ್ಕೆಗಳು ಬಾಡಿದ ಹೂವಿನ ಎಸಳಿನ ಥರ ಕೆಳಗೆ ಬಾಗಿದ್ದವು. ಸ್ವಿಚ್ ಬೋರ್ಡ್‌ಗಳು ಗೋಡೆ ಮೇಲೆ ಸುರಿದು ಗಟ್ಟಿಯಾಗಿದ್ದವು. ಬೆಂಕಿಯೇ ಮುಟ್ಟದ ಅಡುಗೆಮನೆ, ಎರಡು ರೂಮು ಪೂರ್ತಿ ಕಪ್ಪು. ಕ್ಯಾಲೆಂಡರ್ ತೆಗೆದರೆ ಅದರ ಹಿಂದೆ ಮಾತ್ರ ಕ್ಯಾಲೆಂಡರ್ ಆಕಾರದಲ್ಲಿ ಬಿಳಿ ಗೋಡೆ. ಬೀರು ಮುಚ್ಚಿದ್ದರೂ ಒಳಗಿನ ಬಟ್ಟೆ ಮೇಲೆ ಮಸಿ. ನೆಲದಲ್ಲಿ ಮಸಿ, ನೀರು ಕಲಸಿ ಕೆಸರು.

ಅಮ್ಮ, ಅತ್ತೆ, ಕೂಲಿಗೆ ಕರೆದ ಇಬ್ಬರು ಹೆಂಗಸರು ಬಕೆಟ್‌ಗೆ ಸರ್ಫ್ ಕಲಸಿ, ಒದ್ದೆ ಬಟ್ಟೆ ತಗೊಂಡು ಗೋಡೆ ಉಜ್ಜೋಕೆ ಶುರು ಮಾಡಿದರು. ನಾನೂ ಕೈ ಹಾಕಿದೆ. ಉಜ್ಜಿದಷ್ಟೂ ಕಪ್ಪು ಹರಡ್ತಾ ಹೋಯ್ತು. ಆಮೇಲೆ ಓದಿ ತಿಳ್ಕೊಂಡಿದ್ದು: ಮಸಿ ಅಂದ್ರೆ ತುಂಬಾ ಸಣ್ಣ ಇಂಗಾಲದ ಕಣ, ಅದರ ಜೊತೆ ಸುಟ್ಟ ಪ್ಲಾಸ್ಟಿಕ್, ಫೋಮ್‌ನಿಂದ ಬಂದ ಎಣ್ಣೆಯಂಥ ಪದಾರ್ಥ. ಮೊದಲು ಒಣಗಿದ್ದಾಗಲೇ ವ್ಯಾಕ್ಯೂಮ್‌ನಲ್ಲಿ ಎಳೀಬೇಕು, ಆಮೇಲೆ ಒಣ ರಬ್ಬರ್ ಸ್ಪಂಜಿನಿಂದ ಒಂದೇ ದಿಕ್ಕಿಗೆ ಒರೆಸಬೇಕು. ನೀರು, ಸೋಪು ಕೊನೆಗೆ. ಮೊದಲೇ ನೀರು ಹಾಕಿದ್ರೆ ಡಿಸ್ಟೆಂಪರ್ ಒಳಕ್ಕೆ ನಾವೇ ಮಸಿ ಕುಡಿಸಿದ ಹಾಗೆ. ನಾವು ಮಾಡಿದ್ದು ಅದನ್ನೇ, ಎರಡು ದಿನ, ನಾಲ್ಕು ಟ್ಯಾಂಕರ್ ನೀರು. ಟ್ಯಾಂಕರ್, ಕೂಲಿ ಸೇರಿ ನೋಟ್‌ಬುಕ್‌ನಲ್ಲಿ 13,500. ಮೂಗಿಗೆ ಟವೆಲ್ ಸುತ್ತಿಕೊಂಡು ಕೆಲಸ ಮಾಡಿದ ಆ ಇಬ್ಬರು ಹೆಂಗಸರ ಕೆಮ್ಮು ನೋಟ್‌ಬುಕ್‌ನಲ್ಲಿ ಇಲ್ಲ. ಒಂದು ಎನ್95 ಮಾಸ್ಕ್ ತರಬೇಕು ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ. ಕೋವಿಡ್ ನೋಡಿದ ಜನ ನಾವು.

ಮುಂದಿನ ತಪ್ಪು ಪೇಂಟ್. ಕಪ್ಪು ಹೋಗ್ತಿಲ್ಲ, ಎರಡು ಕೋಟ್ ಹೊಡೆದ್ರೆ ಮುಚ್ಚುತ್ತೆ ಅಂತ ಪೇಂಟರ್ ಅಂದರು. 38,000. ಮನೆ ಲಕಲಕ ಅಂತಿತ್ತು. ಜೂನ್‌ನಲ್ಲಿ ಮಳೆ ಶುರುವಾಗಿ ಗೋಡೆ ತೇವ ಎಳ್ಕೊಂಡ ಕೂಡಲೇ ಚಹಾ ಚೆಲ್ಲಿದ ಹಾಗೆ ಹಳದಿ ಕಲೆ ಹೊರಗೆ ಬಂತು. ಜೊತೆಗೆ ವಾಸನೆ. ಸುಟ್ಟ ಪ್ಲಾಸ್ಟಿಕ್, ಹಳೇ ಬೀಡಿ, ಒದ್ದೆ ಇದ್ದಿಲು ಮೂರೂ ಸೇರಿದಂಥ ವಾಸನೆ. ಕಲೆ ತಡೆಯೋ ಪ್ರೈಮರ್ ಮೊದಲು ಹಾಕದೆ ಮಾಮೂಲಿ ಪೇಂಟ್ ಹೊಡೆದ್ರೆ ಹೀಗೇ ಆಗುತ್ತಂತೆ. ಕೆರೆದು, ಪ್ರೈಮರ್ ಹಾಕಿ ಮತ್ತೆ ಹೊಡೆಸೋಕೆ 57,000. ಅಷ್ಟರಲ್ಲಿ ಬಾಡಿಗೆ ಮನೆಯಲ್ಲಿ ನಾಲ್ಕು ತಿಂಗಳು ಕಳೆದಿತ್ತು, ತಿಂಗಳಿಗೆ 7,000. ಹೋಮ್ ಲೋನ್ ಇಎಂಐ ಏನೂ ನಿಲ್ಲಲಿಲ್ಲ. ಇರೋಕಾಗದ ಮನೆಗೂ ಕಂತು, ಇರೋ ಮನೆಗೂ ಬಾಡಿಗೆ.

ಇಸಿ, ಸಿಎಸ್ ಬ್ರಾಂಚಿನವರಿಗೆ ಒಂದು ವಿಷಯ. ಫ್ರಿಜ್ ಅಡುಗೆಮನೆಯಲ್ಲಿತ್ತು, ಬೆಂಕಿ ತಾಗಿರಲಿಲ್ಲ. ಒರೆಸಿ ಆನ್ ಮಾಡಿದ್ರೆ ಓಡ್ತು. ಎಲ್ಲರಿಗೂ ಖುಷಿ. ಒಂದು ತಿಂಗಳಿಗೆ ಸತ್ತೋಯ್ತು. ರಿಪೇರಿಯವರು ಬೋರ್ಡ್ ಬಿಚ್ಚಿ ತೋರಿಸಿದರೆ ತಾಮ್ರದ ಗೆರೆಗಳೆಲ್ಲ ಹಸಿರು. ವೈರ್ ಮೇಲಿನ ಪಿವಿಸಿ ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹೊರಬರುತ್ತೆ. ಅದು ಮಸಿ ಜೊತೆ ಹೋಗಿ ಎಲ್ಲೆಲ್ಲೋ ಕೂತ್ಕೊಂಡು, ಗಾಳಿಯ ತೇವ ಸಿಕ್ಕಿದಾಗ ಆಸಿಡ್ ಆಗಿ ನಿಧಾನಕ್ಕೆ ಲೋಹ ತಿನ್ನುತ್ತೆ. ಪಿಯುಸಿ ಕೆಮಿಸ್ಟ್ರಿ. ಪರೀಕ್ಷೇಲಿ ಬರೆದಿದ್ದೆ, ಫ್ರಿಜ್ ಮುಂದೆ ನಿಂತಾಗ ನೆನಪಾಗಲಿಲ್ಲ. ಹೊಗೆ ಕುಡಿದ ಯಾವ ಸಾಮಾನನ್ನೂ ಬಿಚ್ಚಿ ಕ್ಲೀನ್ ಮಾಡಿಸದೆ ಪ್ಲಗ್ ಹಾಕಬಾರದಿತ್ತು.

ಈಗ ಇನ್ಶೂರೆನ್ಸ್. ಮಾವ ಮೊದಲ ದಿನದಿಂದ ಹೇಳ್ತಾ ಇದ್ದಿದ್ದು "ನಮಗೆಲ್ಲಿ ಇನ್ಶೂರೆನ್ಸು" ಅಂತ. ಎರಡು ತಿಂಗಳಾದ ಮೇಲೆ ಲೋನ್ ಫೈಲ್ ಹುಡುಕುವಾಗ ಸಿಕ್ತು: ಲೋನ್ ಜೊತೆಗೇ ಬ್ಯಾಂಕಿನವರು ಮಾಡಿಸಿದ್ದ ಪಾಲಿಸಿ. ಪ್ರೀಮಿಯಂ ಇವರೇ ಕಟ್ಟಿದ್ದಾರೆ, ಇವರಿಗೇ ಗೊತ್ತಿಲ್ಲ. ಭಾರತ್ ಗೃಹ ರಕ್ಷಾ ಅಂತ ಹೆಸರು. 2021ರ ಏಪ್ರಿಲ್ 1ರಿಂದ ಐಆರ್‌ಡಿಎಐ ಎಲ್ಲ ಜನರಲ್ ಇನ್ಶೂರೆನ್ಸ್ ಕಂಪನಿಗಳೂ ಇಟ್ಟುಕೊಳ್ಳಲೇಬೇಕು ಅಂತ ಮಾಡಿದ ಸ್ಟ್ಯಾಂಡರ್ಡ್ ಪಾಲಿಸಿ. ನಾನು ಅದರ ಷರತ್ತುಗಳನ್ನ ಕೂತು ಓದಿದೆ. ಅವಶೇಷ ತೆಗೆಸೋ ಖರ್ಚು ಕ್ಲೇಮ್‌ನ 2 ಪರ್ಸೆಂಟ್‌ವರೆಗೆ ಕೊಡ್ತಾರೆ. ಆರ್ಕಿಟೆಕ್ಟ್, ಕನ್ಸಲ್ಟಿಂಗ್ ಇಂಜಿನಿಯರ್ ಫೀಸು 5 ಪರ್ಸೆಂಟ್‌ವರೆಗೆ. ಮನೆ ವಾಸಕ್ಕೆ ಯೋಗ್ಯ ಇಲ್ಲದಿದ್ದಾಗ ಬೇರೆ ಕಡೆ ಕೊಡೋ ಬಾಡಿಗೆಗೂ ಅವಕಾಶ ಇದೆ. ಬೆಂಕಿ ಹತ್ತಿಸಿದ ಇನ್ವರ್ಟರ್ ತಾನೇ ಶಾರ್ಟ್ ಆಗಿ ಕೆಟ್ಟಿದ್ದಕ್ಕೆ ದುಡ್ಡಿಲ್ಲ, ಆದ್ರೆ ಅದರಿಂದ ಹಬ್ಬಿದ ಬೆಂಕಿ ಹಾಳು ಮಾಡಿದ್ದಕ್ಕೆ ಇದೆ. ಮನೆಯೊಳಗಿನ ಸಾಮಾನು ಬೇರೆ ಕವರ್. ಎರಡೂ ತಗೊಂಡಿದ್ರೆ ಕಟ್ಟಡದ ಮೊತ್ತದ 20 ಪರ್ಸೆಂಟ್, ಗರಿಷ್ಠ 10 ಲಕ್ಷದವರೆಗೆ ಸಾಮಾನಿಗೆ ತಾನಾಗೇ ಸಿಗುತ್ತೆ. ಬ್ಯಾಂಕ್ ಮಾಡಿಸಿದ್ದು ಕಟ್ಟಡಕ್ಕೆ ಮಾತ್ರ. ಬ್ಯಾಂಕಿಗೆ ಬೇಕಾಗಿದ್ದು ಅಷ್ಟೇ ತಾನೆ, ಅಜ್ಜಿ ಸೀರೆ ತಗೊಂಡು ಅವರೇನು ಮಾಡ್ತಾರೆ.

ಸರಿ, ಕ್ಲೇಮ್ ಹಾಕಿದರು. ಸರ್ವೇಯರ್ ಬಂದು ನೋಡಿದಾಗ ಮನೆ ಪೇಂಟ್ ಆಗಿ ಮಿರಮಿರ ಮಿಂಚ್ತಿತ್ತು. ನಷ್ಟ ಎಲ್ಲಿ ಅಂತ ಕೇಳಿದರು. ಇದ್ದಿದ್ದು ನನ್ನ ಮೊಬೈಲ್‌ನ ಒಂಬತ್ತು ಫೋಟೋ, ಅದರಲ್ಲಿ ಎರಡು ನನ್ನ ಸೆಲ್ಫಿ, ನಾಚಿಕೆಯಿಂದ ಹೇಳ್ತಿದ್ದೀನಿ. ಬಿಲ್ ಅರ್ಧಕ್ಕೆ ಇರಲೇ ಇಲ್ಲ, ಯಾಕಂದ್ರೆ ಜೀವ ಉಳಿದ ಸಂದರ್ಭದಲ್ಲಿ ಪೇಂಟರ್ ಹತ್ರ ಜಿಎಸ್‌ಟಿ ಬಿಲ್ ಕೇಳೋದು ಚೆನ್ನಾಗಿರಲ್ಲ. ಅಗ್ನಿಶಾಮಕ ಠಾಣೆಯ ವರದಿ ಒಂದನ್ನ ಮಾವ ತಗೊಂಡಿದ್ದರು, ಪುಣ್ಯ. ಕೊನೆಗೆ ಬಂದಿದ್ದು 71,000. ಅದೇ ದಿನ ಕಂಪನಿಗೆ ಫೋನ್ ಮಾಡಿ, ಪ್ರತಿ ರೂಮಿನ ವೀಡಿಯೋ ತೆಗೆದು, ಸುಟ್ಟ ಸಾಮಾನನ್ನ ಹಿತ್ತಲಲ್ಲಿ ಗುಡ್ಡೆ ಹಾಕಿಟ್ಟಿದ್ರೆ ಕಥೆ ಬೇರೆ ಇರ್ತಿತ್ತು ಅಂತ ಸರ್ವೇಯರೇ ಹೇಳಿ ಹೋದರು. ಒಳ್ಳೆಯವರು ಪಾಪ.

ಅಜ್ಜಿಯ ಲೆಕ್ಕ ಬೇರೆ. ಅವರ ಟ್ರಂಕಿನ ಹನ್ನೊಂದು ಸೀರೆ ಡ್ರೈ ಕ್ಲೀನಿಂಗ್‌ಗೆ ಹೋದವು, ಮೂರು ಇನ್ನೂ ವಾಸನೆ ಹೊಡೀತವೆ. ಐವತ್ತು ಕೆಜಿ ರಾಗಿ ಮೂಟೆ ಎಸೀಬೇಕು ಅಂದಾಗ ದೊಡ್ಡ ಜಗಳ. ಹೊಗೆ ಕುಡಿದ ಧಾನ್ಯ ತಿನ್ನಬಾರದು ಅಂದ್ರೆ, "ನಾವು ಸೌದೆ ಒಲೆ ಹೊಗೇಲೇ ಬೆಳೆದೋರು" ಅಂತಾರೆ. ಸೌದೆ ಹೊಗೆ ಬೇರೆ, ಸೋಫಾ ಹೊಗೆ ಬೇರೆ ಅಂತ ಅವರಿಗೆ ಅರ್ಥ ಮಾಡಿಸೋ ಕನ್ನಡ ನನ್ನ ಹತ್ರ ಇರಲಿಲ್ಲ. ಹಾಲ್‌ನ ಶೋಕೇಸಲ್ಲಿ ಬಿಸ್ಕತ್ ಡಬ್ಬದೊಳಗೆ ಅವರು ಕೂಡಿಟ್ಟಿದ್ದ ದುಡ್ಡು ಕರಕಲಾಗಿತ್ತು. ತೀರಾ ಸುಟ್ಟು ಪುಡಿಯಾಗೋ ನೋಟನ್ನ ಮಾಮೂಲಿ ಬ್ಯಾಂಕ್ ಶಾಖೆ ತಗೊಳ್ಳಲ್ಲ, ರಿಸರ್ವ್ ಬ್ಯಾಂಕಿನ ಕಚೇರಿಗೇ ಹೋಗಬೇಕು, ನಮಗೆ ಬೆಂಗಳೂರಿನ ನೃಪತುಂಗ ರಸ್ತೆ. ಡಬ್ಬ ಅಲ್ಲಾಡಬಾರದು ಅಂತ ಹತ್ತಿ ತುಂಬಿ, ರೈಲಲ್ಲಿ ತೊಡೆ ಮೇಲೆ ಇಟ್ಕೊಂಡು ನಾನೇ ತಂದೆ. ನೋಟಿನ ಎಷ್ಟು ಭಾಗ ಉಳಿದಿದೆ ಅನ್ನೋದರ ಮೇಲೆ ಪೂರ್ತಿ ಇಲ್ಲವೇ ಅರ್ಧ ಬೆಲೆ ಕೊಡ್ತಾರೆ, ತೀರಾ ಕಮ್ಮಿ ಇದ್ರೆ ಏನೂ ಇಲ್ಲ. ಎಷ್ಟಿತ್ತು ಅಂತ ಅಜ್ಜಿ ಇವತ್ತಿಗೂ ಮಾವನಿಗೆ ಹೇಳಿಲ್ಲ. ನಾನೂ ಹೇಳಲ್ಲ.

ಇಷ್ಟೆಲ್ಲ ದುಡ್ಡಿನ ಮಾತಾಯ್ತು. ನನಗೆ ನಿದ್ದೆ ಕೆಡಿಸಿದ್ದು ನೋಟ್‌ಬುಕ್‌ನಲ್ಲಿ ಇಲ್ಲದ ಒಂದು ಸಾಲು. ಹಾಲ್‌ನ ಸ್ಲ್ಯಾಬ್‌ನಲ್ಲಿ ಒಂದು ಕಡೆ ಪ್ಲಾಸ್ಟರ್ ಉದುರಿ ಕಂಬಿ ಕಾಣ್ತಿತ್ತು. ಪಕ್ಕದ ಕಾಂಕ್ರೀಟ್ ತೆಳು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮೇಸ್ತ್ರಿ "ಏನಾಗಲ್ಲ" ಅಂತ ಹೊಸ ಪ್ಲಾಸ್ಟರ್ ಬಳಿದರು. ಈ ಸೆಮಿಸ್ಟರ್ ಕಾಂಕ್ರೀಟ್ ಕ್ಲಾಸಲ್ಲಿ ನಮ್ಮ ಮೇಷ್ಟ್ರು ಹೇಳಿದರು: ಕಾಂಕ್ರೀಟ್ ಸುಮಾರು 300 ಡಿಗ್ರಿ ದಾಟಿದಾಗ ಜಲ್ಲಿಯಲ್ಲಿರೋ ಕಬ್ಬಿಣದ ಅಂಶದಿಂದ ಗುಲಾಬಿ ಬಣ್ಣಕ್ಕೆ ತಿರುಗಬಹುದು, ಶಕ್ತಿ ಕಳ್ಕೊಳ್ಳೋಕೆ ಶುರುವಾಗೋದೂ ಹೆಚ್ಚುಕಮ್ಮಿ ಅಲ್ಲಿಂದಲೇ. ಕಂಬಿ ವಿಪರೀತ ಕಾಯದಿದ್ದರೆ ತಣ್ಣಗಾದ ಮೇಲೆ ಬಹುಪಾಲು ಚೇತರಿಸ್ಕೊಳ್ಳುತ್ತೆ, ಕಾಂಕ್ರೀಟಿಗೆ ಆ ಭಾಗ್ಯ ಇಲ್ಲ. ನಾನು ಕೊನೇ ಬೆಂಚಲ್ಲಿ ಕೂತು ಆ ಗುಲಾಬಿ ನೆನಪು ಮಾಡ್ಕೊಂಡೆ. ಅದರ ಕೆಳಗೆ ಮಾವನ ಮಕ್ಕಳು ಹೋಮ್‌ವರ್ಕ್ ಮಾಡ್ತಾರೆ.

ನನ್ನ ಅಭಿಪ್ರಾಯ ಏನು ಅಂತ ಕೇಳಿದ್ರೆ ಇದು. ಪೇಂಟ್‌ಗೆ ಎರಡು ಸಲ ಸೇರಿ 95,000 ಕೊಟ್ಟ ಮನೆಯಲ್ಲಿ ಸ್ಲ್ಯಾಬ್ ಟೆಸ್ಟಿಗೆ ಒಂದು ರೂಪಾಯಿ ಹೋಗಲಿಲ್ಲ. ಕಣ್ಣಿಗೆ ಕಾಣೋದಕ್ಕೆ ಮಾತ್ರ ನಾವು ಖರ್ಚು ಮಾಡ್ತೀವಿ. ಮಾವನಿಗೆ ಅಂಥ ಟೆಸ್ಟ್ ಇದೆ ಅಂತಲೇ ಗೊತ್ತಿರಲಿಲ್ಲ, ಸಣ್ಣ ಊರಲ್ಲಿ ಹೇಳೋರೂ ಇಲ್ಲ. ನಮ್ಮ ಸಿವಿಲ್ ಲ್ಯಾಬಲ್ಲಿ ರಿಬೌಂಡ್ ಹ್ಯಾಮರ್ ಇದೆ, ಕಾಂಕ್ರೀಟ್ ಒಳಗೆ ಅಲ್ಟ್ರಾಸೌಂಡ್ ಕಳಿಸಿ ಬಿರುಕು ನೋಡೋ ಯುಪಿವಿ ಯಂತ್ರಾನೂ ಇದೆ. ವರ್ಷಕ್ಕೆ ಎರಡು ಪ್ರಾಕ್ಟಿಕಲ್‌ಗೆ ಹೊರಗೆ ಬರುತ್ತೆ, ಉಳಿದ ದಿನ ಗಾಜಿನ ಬೀರು. ಬೆಂಕಿ ಬಿದ್ದ ಮನೆಯವರು ಬಂದು ಕೇಳಿದ್ರೆ, ಮೇಷ್ಟ್ರು ಒಬ್ಬರ ಜೊತೆ ನಾವು ನಾಲ್ಕು ಜನ ಹೋಗಿ ಬಸ್ ಚಾರ್ಜಿಗೆ ಟೆಸ್ಟ್ ಮಾಡಿಕೊಡೋಕೆ ಏನು ಅಡ್ಡಿ? ನಮಗೆ ಬೇಕಾದ ಮಿನಿ ಪ್ರಾಜೆಕ್ಟೂ ಆಗುತ್ತೆ. ಎಲೆಕ್ಟ್ರಿಕಲ್‌ನವರು ವೈರಿಂಗ್ ನೋಡಬಹುದು, ಮಾವ ಅದಕ್ಕೇ 64,000 ಕೊಟ್ಟಿದ್ದಾರೆ.

ವಿಭಾಗದ ಮುಖ್ಯಸ್ಥರಿಗೆ ಹೋದ ಸೋಮವಾರ ಲೆಟರ್ ಕೊಟ್ಟಿದ್ದೀನಿ, ಕನ್ನಡದಲ್ಲೇ. ಮೊದಲನೇ ಮನೆ ಅರಸೀಕೆರೆಯದ್ದು ಅಂತ ಬರೆದಿದ್ದೀನಿ. ಮಾವನಿಗೆ ಫೋನ್ ಮಾಡಿ ಹೇಳಿದೆ, ಹಾಲ್‌ನ ಪ್ಲಾಸ್ಟರ್ ಒಂದು ಅಡಿ ಚೌಕ ಕಿತ್ತು ಕಾಂಕ್ರೀಟ್ ಕಾಣೋ ಹಾಗೆ ಮಾಡಬೇಕಾಗುತ್ತೆ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಮೇಲೆ ಪೇಂಟ್ ಯಾರು ಹೊಡೀತಾರೋ?" ಅಂದರು. ನಾನೇ ಹೊಡೀತೀನಿ ಅಂದೆ. ಪ್ರೈಮರ್ ಹಾಕಿ.